ಕದ್ದ ಚಿನ್ನ ಯಾರದು?

ಚಿನ್ನದ ಕಳವಿನ ಕಥೆಯುಳ್ಳ ಧಾರಾವಾಹಿಯೊಂದು ಟಿ.ವಿ.ಯಲ್ಲಿ ಆರಂಭವಾಯಿತೆಂದರೆ, ಅದರ ಬೆನ್ನ ಹಿಂದೆಯೇ ಒಂದು ಪ್ರಶ್ನೆಯೂ ನಡುಮನೆಗೆ ಬಂದು ಕೂರುತ್ತದೆ: "ಹೀಗೂ ಉಂಟೇ?" ಅಷ್ಟು ಭಾರದ ಗಟ್ಟಿಗಳನ್ನು ಒಬ್ಬನೇ ಚೀಲದಲ್ಲಿ ಹೊತ್ತು ಓಡಬಲ್ಲನೇ? ಹಿತ್ತಿಲ ಗುಡಿಸಲಿನಲ್ಲಿ ಮಣಗಟ್ಟಲೆ ಚಿನ್ನ ಕರಗುತ್ತದೆಯೇ? ಕಾವಲಿನವರು ಅಷ್ಟು ದಡ್ಡರೇ? ನಮ್ಮ ಸನತ್‌ನಗರದಲ್ಲಂತೂ ಈ ಪ್ರಶ್ನೆಗಳು ಬಲವಾಗಿಯೇ ಏಳುತ್ತವೆ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಇಲ್ಲಿ ಅನೇಕರಿದ್ದಾರೆ; ಕುಲುಮೆಯ ಉರಿ ಎಂಥದೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇನ್ನು ಚಿನ್ನದ ತೂಕ, ಬಣ್ಣ, ಮಾಟಗಳ ವಿಷಯದಲ್ಲಿ ನಮ್ಮ ತಾಯಂದಿರನ್ನು ಮೋಸಗೊಳಿಸುವುದು ಯಾವ ನಿರ್ದೇಶಕನಿಂದಲೂ ಸಾಧ್ಯವಿಲ್ಲ.

ಇದು ಕೇವಲ ಕಾಲಹರಣದ ಚರ್ಚೆಯೆಂದು ಕೆಲವರು ತಳ್ಳಿಹಾಕಬಹುದು. ನನಗೆ ಹಾಗೆ ಕಾಣುವುದಿಲ್ಲ. ಒಂದು ಕಥೆಯನ್ನು ನಂಬುವುದಕ್ಕೆ ನಾವು ಏನನ್ನು ಕೇಳುತ್ತೇವೆ, ಏನನ್ನು ಕೇಳದೆ ಬಿಡುತ್ತೇವೆ ಎಂಬುದರಲ್ಲಿ ನಮ್ಮ ನೀತಿಯ ಅಳತೆಯೂ ಅಡಗಿದೆ. ಆದುದರಿಂದ "ಹೀಗೂ ಉಂಟೇ" ಎಂಬ ಈ ಪ್ರಶ್ನೆಯನ್ನೇ ಸ್ವಲ್ಪ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಮೊದಲು ಲೋಹದ ಮಾತು. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರ. ಒಂದು ಲೀಟರು ಹಾಲು ಹಿಡಿಯುವ ಪಾತ್ರೆಯ ತುಂಬ ಅಪ್ಪಟ ಚಿನ್ನವಿದ್ದರೆ ಅದರ ತೂಕ ಸುಮಾರು 19.3 ಕಿಲೋ. ದೊಡ್ಡ ಬ್ಯಾಂಕುಗಳು ಇಡುವ ಗಟ್ಟಿ ಒಂದೊಂದೂ ಸುಮಾರು ಹನ್ನೆರಡೂವರೆ ಕಿಲೋ. ಅಂಥ ನಾಲ್ಕನ್ನು ಚೀಲಕ್ಕೆ ತುಂಬಿಕೊಂಡು ಕಾಂಪೌಂಡು ಹಾರುವ ನಾಯಕನನ್ನು ಕಂಡು ಪ್ರೇಕ್ಷಕ ನಕ್ಕರೆ ಅವನದು ತಪ್ಪಲ್ಲ. ಆದರೆ ಕರಗಿಸುವ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಅಷ್ಟು ಆಧಾರವಿಲ್ಲ. ಚಿನ್ನ ಕರಗುವುದು 1064 ಡಿಗ್ರಿ ಸೆಂಟಿಗ್ರೇಡಿನಲ್ಲಿ; ಅದು ಕಬ್ಬಿಣ ಕರಗುವ ಶಾಖಕ್ಕಿಂತ ಎಷ್ಟೋ ಕಡಿಮೆ. ನಮ್ಮ ಊರಿನ ಪತ್ತಾರರು ಒಂದು ಮೂಸೆ, ಒಂದಿಷ್ಟು ಇದ್ದಿಲು, ಒಂದು ಊದುಗೊಳವೆ ಇಟ್ಟುಕೊಂಡು ನಮ್ಮ ಕಣ್ಣೆದುರಿಗೇ ತೊಲಗಟ್ಟಲೆ ಕರಗಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಉರಿ ಸ್ವಲ್ಪ ದೊಡ್ಡದಾದರೆ ತೊಲವೇನು, ಮಣವೂ ಕರಗೀತು.

ನಿಜವಾಗಿ ನಡೆದ ಸಂಗತಿಗಳನ್ನು ನೋಡಿದರೆ ಈ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. 1983ರ ನವೆಂಬರ್ 26ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಮೀಪದ ಬ್ರಿಂಕ್ಸ್-ಮ್ಯಾಟ್ ಉಗ್ರಾಣಕ್ಕೆ ನುಗ್ಗಿದ ಆರು ಮಂದಿ ಕಳ್ಳರು ನಿರೀಕ್ಷಿಸಿದ್ದುದು ನಗದು ಹಣವನ್ನು. ಅವರಿಗೆ ಸಿಕ್ಕಿದ್ದು 6,800 ಚಿನ್ನದ ಗಟ್ಟಿಗಳು, ಸುಮಾರು ಮೂರು ಟನ್. ಆಗಿನ ಬೆಲೆ ಎರಡು ಕೋಟಿ ಅರವತ್ತು ಲಕ್ಷ ಪೌಂಡು. ಬಾಗಿಲು ತೆರೆಯಲು ನೆರವಾದವನು ಒಳಗಿನ ಕಾವಲುಗಾರನೇ. ಈ ಸಂಗತಿಯನ್ನು ಆಧರಿಸಿ ಬಿ.ಬಿ.ಸಿ.ಯವರು "ದಿ ಗೋಲ್ಡ್" ಎಂಬ ಧಾರಾವಾಹಿಯನ್ನು 2023ರಲ್ಲಿ ಪ್ರಸಾರ ಮಾಡಿದರು. ಅದರ ಎರಡನೆಯ ಭಾಗ 2025ರಲ್ಲಿ ಬಂತು. ಇಂಥ ಧಾರಾವಾಹಿಯನ್ನು ನೋಡಿದವರು ಹಿತ್ತಿಲ ಕುಲುಮೆಯ ದೃಶ್ಯವನ್ನು ನಂಬದಿದ್ದರೆ ಆಶ್ಚರ್ಯವಿಲ್ಲ. ಆದರೆ ನಡೆದುದು ಅದಕ್ಕಿಂತಲೂ ವಿಚಿತ್ರ. ಕಳವಾದ ಕೆಲವೇ ದಿನಗಳಲ್ಲಿ ಬಾತ್ ಎಂಬ ಊರಿನ ಬಳಿ ದಂಪತಿಗಳಿಬ್ಬರು ನೆರೆಯವರ ಗುಡಿಸಲಿನಲ್ಲಿ ಬಿಳಿಯಾಗಿ ಕಾಯ್ದ ಮೂಸೆಯನ್ನು ಕಂಡು, ಸಂಶಯಗೊಂಡು ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದು ನೋಡಿದರು. ಆ ಗುಡಿಸಲು ತಮ್ಮ ಸರಹದ್ದಿನ ಆಚೆಗಿದೆಯೆಂದರು. ಸಂಬಂಧಪಟ್ಟವರಿಗೆ ತಿಳಿಸುವುದಾಗಿ ಹೇಳಿ ಹೊರಟರು. ಆ ದಂಪತಿಗಳ ಹೇಳಿಕೆಯನ್ನು ಮುಂದೆ ಯಾರೂ ಪಡೆಯಲಿಲ್ಲ! ಯಾವ ಕಥೆಗಾರನಾದರೂ ಇದನ್ನು ಕಲ್ಪಿಸಿ ಬರೆದಿದ್ದರೆ, ಸಂಪಾದಕರು "ಇದು ಅಸಂಭವ" ಎಂದು ಗೀಟು ಹಾಕಿ ಹಿಂದಿರುಗಿಸುತ್ತಿದ್ದರು.

ಅಷ್ಟು ದೂರವೇಕೆ? ನಮ್ಮ ಹೈದರಾಬಾದಿನದೇ ಉದಾಹರಣೆಯಿದೆ. 2018ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಪುರಾನಿ ಹವೇಲಿಯ ನಿಜಾಮರ ವಸ್ತುಸಂಗ್ರಹಾಲಯಕ್ಕೆ ಇಬ್ಬರು ರಾತ್ರಿ ಮೇಲಿನ ಗವಾಕ್ಷಿಯಿಂದ ಇಳಿದರು. ಹರಳು ಕೂರಿಸಿದ ಮೂರು ಅಂಕಣದ ಚಿನ್ನದ ಊಟದ ಡಬ್ಬಿ, ಚಿನ್ನದ ಬಟ್ಟಲು, ತಟ್ಟೆ, ಚಮಚೆಗಳನ್ನು ಹೊತ್ತೊಯ್ದರು. ಚಿನ್ನದ ಹೊದಿಕೆಯ ಕುರಾನ್ ಗ್ರಂಥಕ್ಕೂ ಕೈ ಹಾಕಿದ್ದರಂತೆ. ಅಷ್ಟರಲ್ಲಿ ಮಸೀದಿಯ ಬಾಂಗು ಕೇಳಿಸಿ, ಬೆದರಿ ಅದನ್ನು ಬಿಟ್ಟರೆಂದು ಪೊಲೀಸರು ತಿಳಿಸಿದರು. ಮುಂಬಯಿಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ತಂಗಿ, ಕೊಳ್ಳುವವರು ಸಿಗದೆ ಹಿಂದಿರುಗಿ, ಹತ್ತು ದಿನ ಕಳೆಯುವುದರೊಳಗೆ ಸಿಕ್ಕಿಬಿದ್ದರು. ಈ ನಡುವೆ ಅವರಲ್ಲೊಬ್ಬ ಆ ರಾಜಯೋಗ್ಯ ಡಬ್ಬಿಯಲ್ಲಿಯೇ ಊಟ ಮಾಡಿದ್ದನೆಂಬ ಸಂಗತಿಯೂ ಪೊಲೀಸರ ಹೇಳಿಕೆಯಲ್ಲಿತ್ತು. ಟಿ.ವಿ.ಯಲ್ಲಿ ಇದನ್ನು ತೋರಿಸಿದ್ದರೆ ನಾವು ಏನೆನ್ನುತ್ತಿದ್ದೆವು? "ಅತಿಯಾಯಿತು" ಎನ್ನುತ್ತಿದ್ದೆವು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಡೆದದ್ದಕ್ಕೆ ನಂಬಿಕೆ ಗಳಿಸಬೇಕಾದ ಹಂಗಿಲ್ಲ. ಕಥೆಗೆ ಮಾತ್ರ ಆ ಹಂಗಿದೆ. ಸಂಭವಿಸಬಹುದಾದರೂ ನಂಬಲಾಗದ್ದಕ್ಕಿಂತ, ಅಸಾಧ್ಯವಾದರೂ ನಂಬುವಂತಿರುವುದೇ ನಾಟಕಕ್ಕೆ ಲೇಸೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ನಮ್ಮವರಲ್ಲಿ ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಇದನ್ನೇ ಬೇರೆ ದಿಕ್ಕಿನಿಂದ ನೋಡಿ, ಕಾವ್ಯದ ಜೀವವೇ ಔಚಿತ್ಯವೆಂದ. ಯಾವುದು ಎಲ್ಲಿರಬೇಕೋ ಅಲ್ಲಿರುವುದು ಔಚಿತ್ಯ. ಕಾಲಂದುಗೆಯನ್ನು ಕೊರಳಿಗೆ ತೊಟ್ಟರೆ ಚಿನ್ನ ಅಪ್ಪಟವೇ ಆಗಿದ್ದರೂ ನೋಟ ಹಾಸ್ಯಾಸ್ಪದ. ಹಾಗಾದರೆ ಚಿನ್ನದ ಕಳವಿನ ಕಥೆಯಲ್ಲಿ ಇರಲೇಬೇಕಾದದ್ದು ಯಾವುದು? ಕುಲುಮೆಯ ಶಾಖದ ಲೆಕ್ಕವೇ, ಬೇರೇನಾದರೂ ಇದೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಓದುಗರನ್ನು ದಾವಣಗೆರೆ ಜಿಲ್ಲೆಯ ನ್ಯಾಮತಿಗೆ ಕರೆದೊಯ್ಯಬೇಕು. 2024ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಅಲ್ಲಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17.7 ಕಿಲೋ ಚಿನ್ನ ಕಳವಾಯಿತು. ಕಳ್ಳರು ಕಿಟಕಿಯ ಸರಳು ಕಿತ್ತು ಒಳಹೊಕ್ಕು, ಗ್ಯಾಸ್ ಕಟರಿನಿಂದ ಲಾಕರು ಕೊಯ್ದು, ಕ್ಯಾಮರಾದ ಚಿತ್ರಗಳಿದ್ದ ಯಂತ್ರವನ್ನೂ ಹೊತ್ತೊಯ್ದಿದ್ದರು. ಪೊಲೀಸ್ ನಾಯಿಗೆ ವಾಸನೆ ಸಿಗದಿರಲೆಂದು ಬ್ಯಾಂಕಿನೊಳಗೆಲ್ಲ ಖಾರದಪುಡಿ ಎರಚಿದ್ದರು. ಐದು ತಿಂಗಳ ಅನಂತರ, 2025ರ ಮಾರ್ಚ್ ಕೊನೆಗೆ, ಆರು ಮಂದಿ ಆರೋಪಿಗಳನ್ನು ಹಿಡಿದುದಾಗಿ ಪೊಲೀಸರು ಪ್ರಕಟಿಸಿದರು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮಧುರೆ ಜಿಲ್ಲೆಯ ಉಸಿಲಂಪಟ್ಟಿಯ ಕಡೆಯ ಒಂದು ಬಾವಿಯಲ್ಲಿ! ಪೊಲೀಸರ ಹೇಳಿಕೆಯಂತೆ ಮುಖ್ಯ ಆರೋಪಿ ನ್ಯಾಮತಿಯಲ್ಲಿಯೇ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದವನು. ವ್ಯಾಪಾರಕ್ಕೆಂದು ಕೇಳಿದ ಹದಿನೈದು ಲಕ್ಷ ರೂಪಾಯಿ ಸಾಲ ಅದೇ ಬ್ಯಾಂಕಿನಲ್ಲಿ ಸಿಗಲಿಲ್ಲವೆಂಬುದು ಅವನ ನೆವ. "ಕಳ್ಳನಿಗೊಂದು ಪಿಳ್ಳೆ ನೆವ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಸಂಗತಿ: "ಮನಿ ಹೈಸ್ಟ್" ಎಂಬ ಸ್ಪೇನ್ ದೇಶದ ಧಾರಾವಾಹಿಯನ್ನು ಮತ್ತೆ ಮತ್ತೆ ನೋಡಿ ಅವನು ಪ್ರೇರಿತನಾಗಿದ್ದನೆಂದು ಪೊಲೀಸರು ಹೇಳಿದರು.

ಆ ಧಾರಾವಾಹಿಯ ಉತ್ತರಾರ್ಧದಲ್ಲಿ ಕಳ್ಳರ ತಂಡವೊಂದು ಸ್ಪೇನ್ ದೇಶದ ಬ್ಯಾಂಕಿಗೆ ನುಗ್ಗುತ್ತದೆ. ನೀರು ನುಗ್ಗುವ ನೆಲಮಾಳಿಗೆಯ ಖಜಾನೆಯಿಂದ ತೊಂಬತ್ತು ಟನ್ ಚಿನ್ನ ತೆಗೆದು, ಬ್ಯಾಂಕಿನೊಳಗೇ ಕರಗಿಸಿ, ಕಾಳು ಮಾಡಿ, ಕೊಳವೆಯ ಮೂಲಕ ಹೊರಗೆ ಸಾಗಿಸುತ್ತದೆ. ಜಗತ್ತಿನಾದ್ಯಂತ ಪ್ರೇಕ್ಷಕರು ಇದನ್ನು ಮೆಚ್ಚಿದರು, ಹಾಗೆಯೇ ಪ್ರಶ್ನಿಸಿದರು. ತೊಂಬತ್ತು ಟನ್ನನ್ನು ಕೆಲವೇ ದಿನಗಳಲ್ಲಿ ಕರಗಿಸಲಾದೀತೇ? ಇಷ್ಟು ಭಾರದ ಕಾಳು ಕೊಳವೆಯಲ್ಲಿ ಹರಿದೀತೇ? ನ್ಯಾಯವಾದ ಪ್ರಶ್ನೆಗಳೇ. ಆದರೆ ನೋಡಿ: ಸಾವಿರಾರು ಮಂದಿ ನಂಬದ ಕಥೆಯನ್ನು, ಪೊಲೀಸರ ಮಾತು ನಿಜವಾಗಿದ್ದರೆ, ನ್ಯಾಮತಿಯಲ್ಲಿ ಒಬ್ಬ ನಂಬಿದ. ಅವನು ಕುಲುಮೆಯನ್ನು ನಂಬಲಿಲ್ಲ, ಕೊಳವೆಯನ್ನು ನಂಬಲಿಲ್ಲ. ಅವನಿಗೆ ಬೇಕಾದದ್ದು ಅವನಿಗೆ ಗೊತ್ತಿದ್ದ ಬಾವಿಯೊಂದೇ. ಹಾಗಾದರೆ ಆ ಕಥೆಯಿಂದ ಅವನು ತೆಗೆದುಕೊಂಡದ್ದೇನು? "ಬ್ಯಾಂಕಿನ ಚಿನ್ನ ಯಾರದೂ ಅಲ್ಲ, ಬುದ್ಧಿಯಿದ್ದವನದು" ಎಂಬ ಭಾವನೆಯೇ ಇರಬೇಕು.

ನನ್ನ ಮಟ್ಟಿಗೆ ಇಂಥ ಧಾರಾವಾಹಿಗಳಲ್ಲಿರುವ ದೊಡ್ಡ ಸುಳ್ಳು ಇದು. ಅಲ್ಲಿ ಚಿನ್ನಕ್ಕೆ ಒಡೆಯನಿಲ್ಲ. ಗಟ್ಟಿಗಳು ಸಾಲಾಗಿ ಹೊಳೆಯುತ್ತವೆ; ಅವುಗಳ ಮೇಲೆ ಅಂಕೆಗಳಿವೆ, ಹೆಸರಿಲ್ಲ. ಒಡೆಯನಿಲ್ಲದ ವಸ್ತುವನ್ನು ತೆಗೆದುಕೊಂಡರೆ ನೊಂದವನೂ ಇಲ್ಲ. ನೊಂದವನಿಲ್ಲದ ಮೇಲೆ ಕಳವು ಕಳವಲ್ಲ, ಒಂದು ಸಾಹಸದ ಆಟ. ನಾವು ಸೋಫಾದ ಅಂಚಿಗೆ ಬಂದು ಕುಳಿತು, ಕಳ್ಳನು ಸಿಕ್ಕಿಬೀಳದಿರಲೆಂದು ಹಾರೈಸುತ್ತೇವೆ. ಕುಲುಮೆಯ ಶಾಖವನ್ನು ಪ್ರಶ್ನಿಸಿದವರು ಈ ಹಾರೈಕೆಯನ್ನು ಪ್ರಶ್ನಿಸುವುದಿಲ್ಲ.

ನ್ಯಾಮತಿಯಂಥ ಊರಿನ ಬ್ಯಾಂಕಿನಲ್ಲಿ ಇರುವುದು ಗಟ್ಟಿಯ ಸಾಲಲ್ಲ, ಒತ್ತೆಯಿಟ್ಟ ಒಡವೆಗಳು. ಒಂದೊಂದು ಚೀಲಕ್ಕೂ ಒಂದು ಖಾತೆ, ಒಂದು ಹೆಸರು, ಒಂದು ತೂಕ. ಅದರೊಳಗೆ ಒಬ್ಬಳ ಬೋರಮಾಳ, ಇನ್ನೊಬ್ಬಳ ಕಾಸಿನ ಸರ, ಮತ್ತೊಬ್ಬಳ ತವರಿನ ಬಳೆ. ಬಿತ್ತನೆಗೆಂದು, ಮಗನ ಕಾಲೇಜಿನ ಫೀಸಿಗೆಂದು, ಆಸ್ಪತ್ರೆಯ ಖರ್ಚಿಗೆಂದು ಇಟ್ಟದ್ದು. ಒತ್ತೆಯೆಂದರೇನು? ಮರಳಿ ಬಿಡಿಸಿಕೊಳ್ಳುವೆನೆಂಬ ಒಂದು ಮಾತು. ಆದುದರಿಂದ ಒತ್ತೆಯ ಚಿನ್ನ ಕದ್ದವನು ಲೋಹದ ಜೊತೆಗೆ ಒಂದು ಸಂಸಾರದ ಮುಂದಿನ ವರ್ಷವನ್ನೂ ಕದಿಯುತ್ತಾನೆ. ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಲ್ಲಿ 2025ರ ಮೇ ತಿಂಗಳಲ್ಲಿ 58 ಕಿಲೋಗೂ ಹೆಚ್ಚು ಚಿನ್ನ ಮಾಯವಾದಾಗಲೂ ಹೋದದ್ದು ಇಂಥ ಒತ್ತೆಯ ಒಡವೆಗಳೇ. ಅಲ್ಲಿ ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರರೂ ಒಬ್ಬರು. ನ್ಯಾಯಾಲಯದ ತೀರ್ಪು ಏನೇ ಬರಲಿ, ಒಡವೆ ಇಟ್ಟವರ ಆ ದಿನಗಳ ಸಂಕಟಕ್ಕೆ ಸಾಕ್ಷಿ ಬೇಕಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಲ, ಮನೆ, ಬಾವಿ ಎಲ್ಲವೂ ಊರಿನಲ್ಲೇ ಉಳಿದವು. ನಮ್ಮ ಜೊತೆ ರೈಲು ಹತ್ತಿ ಬಂದ ಆಸ್ತಿಯೆಂದರೆ ಹೆಂಗಸರ ಮೈಮೇಲಿನ ನಾಲ್ಕು ತೊಲ ಚಿನ್ನ. ಮೊದಲ ಬಾಡಿಗೆಮನೆಯ ಮುಂಗಡಕ್ಕೆ, ಕಾರ್ಖಾನೆಯ ಬೀಗಮುದ್ರೆಯ ತಿಂಗಳುಗಳಿಗೆ, ಮಕ್ಕಳ ಮೊದಲ ಶಾಲೆಗೆ ಒದಗಿದ್ದು ಅದೇ. ಎಷ್ಟೋ ಮನೆಗಳಲ್ಲಿ ಆ ಒಡವೆ ಮೂರು ಸಲ ಒತ್ತೆಗೆ ಹೋಗಿ ಮೂರು ಸಲ ಬಿಡುಗಡೆಯಾಗಿ ಬಂದಿದೆ. ಅದನ್ನು ಮಗಳಿಗೆ ಕೊಡುವಾಗ ತಾಯಿ ತೂಕದ ಮಾತನ್ನಾಡುವುದಿಲ್ಲ. "ಇದು ಅಜ್ಜಿಯದು" ಎನ್ನುತ್ತಾಳೆ.

ಕಳ್ಳನಿಗೆ ಕುಲುಮೆ ಏಕೆ ಬೇಕು ಎಂಬುದೂ ಇಲ್ಲಿಂದ ತಿಳಿಯುತ್ತದೆ. ಒಡವೆಗೆ ಮುಖವಿದೆ, ಕರಗಿಸಿದರೆ ಆ ಮುಖ ಅಳಿಯುತ್ತದೆ. ಪುರಂದರದಾಸರ ಬಾಳಿನ ಮೂಗುತಿಯ ಕಥೆ ನಮಗೆಲ್ಲ ಗೊತ್ತು. ಬಡ ಬ್ರಾಹ್ಮಣ ತಂದ ಮೂಗುತಿಯನ್ನು ಕಂಡಾಕ್ಷಣ ನವಕೋಟಿ ನಾರಾಯಣನಾಗಿದ್ದ ಶೀನಪ್ಪನಾಯಕನಿಗೆ ಅದು ತನ್ನ ಹೆಂಡತಿಯದೆಂದು ತಿಳಿಯಿತು. ಚಿನ್ನದ ಅಂಗಡಿಯಲ್ಲಿ ಕುಳಿತವನಿಗೆ ಅದು ಬರೀ ಗುಂಜಿಯ ಲೆಕ್ಕವಾಗಿದ್ದರೆ ನಮಗೆ ದಾಸಶ್ರೇಷ್ಠರು ದೊರೆಯುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಮೂಗುತಿ ಹೇಗೆ ಮಾಯವಾಯಿತೆಂದು ಐದು ನೂರು ವರ್ಷಗಳಿಂದ ಯಾರೂ ಜಗಳವಾಡಿಲ್ಲ, ಏಕೆಂದರೆ "ಇದು ಯಾರದು?" ಎಂಬ ಪ್ರಶ್ನೆ ಆ ಕಥೆಯ ನಡುವೆಯೇ ಇದೆ.

ಬ್ರಿಂಕ್ಸ್-ಮ್ಯಾಟ್ ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಕದ್ದ ಅಪರಂಜಿಯನ್ನು ಕರಗಿಸಿ, ಗುರುತು ಸಿಗದಂತೆ ತಾಮ್ರ ಬೆರೆಸಿ ಮಾರುಕಟ್ಟೆಗೆ ಬಿಟ್ಟರು. ಬಾತ್ ಬಳಿಯ ತನ್ನ ಮನೆಯ ಆವರಣದಲ್ಲಿ ಚಿನ್ನ ಕರಗಿಸಿದ್ದ ವ್ಯಾಪಾರಿಯೊಬ್ಬ, ಅದು ಕದ್ದದ್ದೆಂದು ತನಗೆ ತಿಳಿದಿರಲಿಲ್ಲವೆಂದು ಹೇಳಿ 1987ರಲ್ಲಿ ಬಿಡುಗಡೆ ಹೊಂದಿದ. ಆ ಚಿನ್ನದ ಬಹುಭಾಗ ಇಂದಿಗೂ ಸಿಕ್ಕಿಲ್ಲ. ಅದು ಎಷ್ಟೋ ಮಂದಿ ನಿರಪರಾಧಿಗಳ ಬೆರಳಿನ ಉಂಗುರವಾಗಿ ಕುಳಿತಿರಬಹುದೆಂದು ಅಲ್ಲಿಯವರು ಆಡಿಕೊಳ್ಳುತ್ತಾರೆ. "ಯಾರದೆಂದು ನಾನು ಕೇಳಲಿಲ್ಲ" ಎಂಬುದು ನ್ಯಾಯಾಲಯದಲ್ಲಿ ಸಾಕಾಗಬಹುದು. ಮನಸ್ಸಾಕ್ಷಿಯ ಮುಂದೆ ಸಾಕೇ? ಧಾರಾವಾಹಿಯನ್ನು ನೋಡುತ್ತ ಕುಳಿತ ನಾವೂ ಆ ವ್ಯಾಪಾರಿಯ ಮಾತನ್ನೇ ಆಡುತ್ತಿಲ್ಲವೇ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಮನರಂಜನೆಗೆ ಇಷ್ಟೆಲ್ಲ ಭಾರ ಹೊರಿಸುವುದೇಕೆ? ಕಳ್ಳನ ಕಥೆ ಹೇಳುವುದೇ ತಪ್ಪೇ? ಕೋಟ್ಯಂತರ ಜನ ಆ ಧಾರಾವಾಹಿ ನೋಡಿದರು. ಕದ್ದವರು ಎಷ್ಟು ಮಂದಿ? ಈ ಮಾತಿನಲ್ಲಿ ಹುರುಳಿದೆ. ನ್ಯಾಮತಿಯ ಕಳವಿಗೆ ಸ್ಪೇನಿನ ಕಥೆಗಾರನನ್ನು ಹೊಣೆ ಮಾಡುವುದು ಸುಲಭ, ನ್ಯಾಯವಲ್ಲ. ಟಿ.ವಿ. ಇಲ್ಲದ ಕಾಲದಲ್ಲಿಯೂ ಕನ್ನಗಳ್ಳರಿದ್ದರು. ಕಳ್ಳನ ಕಥೆ ಹೇಳಬಾರದೆಂದರೆ ನಮ್ಮ ದೇಶದ ಅತ್ಯುತ್ತಮ ನಾಟಕಗಳಲ್ಲೊಂದನ್ನು ನಾವು ಕಳೆದುಕೊಳ್ಳಬೇಕಾದೀತು.

ಶೂದ್ರಕನ "ಮೃಚ್ಛಕಟಿಕ"ವನ್ನು ನೆನೆಯಿರಿ. ಅದೂ ಕದ್ದ ಚಿನ್ನದ ಕಥೆಯೇ. ಗಿರೀಶ ಕಾರ್ನಾಡರು 1984ರಲ್ಲಿ ಅದನ್ನು "ಉತ್ಸವ್" ಎಂಬ ಹಿಂದಿ ಚಿತ್ರವನ್ನಾಗಿಸಿದಾಗ ಕಳ್ಳನ ಪಾತ್ರ ವಹಿಸಿದವರು ನಮ್ಮ ಶಂಕರನಾಗ್. ನಾಟಕದ ಕಳ್ಳ ಶರ್ವಿಲಕ ಕನ್ನ ಕೊರೆಯುವುದನ್ನು ಶಾಸ್ತ್ರವೆಂಬಂತೆ ವಿವರಿಸುತ್ತಾನೆ. ಜನಿವಾರವನ್ನೇ ಅಳತೆಯ ದಾರ ಮಾಡಿಕೊಳ್ಳುತ್ತಾನೆ. ನಿದ್ದೆಗಣ್ಣಿನ ಮೈತ್ರೇಯ ಒಡವೆಯ ಗಂಟನ್ನು ತಾನಾಗಿಯೇ ಕಳ್ಳನ ಕೈಗೆ ಕೊಡುತ್ತಾನೆ. "ಹೀಗೂ ಉಂಟೇ" ಎಂದು ಕೇಳುವವನಿಗೆ ಅಲ್ಲಿ ಬೇಕಾದಷ್ಟು ಅವಕಾಶವಿದೆ. ಆದರೆ ಶೂದ್ರಕ ಕಳ್ಳನ ಜಾಣ್ಮೆಗೆ ನಮ್ಮನ್ನು ನಗಿಸಿ ಅಲ್ಲಿಗೇ ಬಿಡುವುದಿಲ್ಲ. ಕನ್ನ ಬಿದ್ದ ಮನೆಯೊಳಗೆ ನಮ್ಮನ್ನು ನಿಲ್ಲಿಸುತ್ತಾನೆ. ಹೋದದ್ದು ಚಾರುದತ್ತನ ಸ್ವಂತದ್ದಲ್ಲ, ವಸಂತಸೇನೆ ನಂಬಿ ಇಟ್ಟ ಒಡವೆ. ನಡೆದದ್ದನ್ನು ನಡೆದಂತೆ ಹೇಳಿದರೆ ಬಡವನಾದ ತನ್ನನ್ನು ಯಾರು ನಂಬುತ್ತಾರೆಂದು ಅವನು ಕುಸಿಯುತ್ತಾನೆ. ಅವನ ಹೆಂಡತಿ ಧೂತೆ ತನ್ನ ಕೊರಳ ಹಾರವನ್ನು ಕೊಟ್ಟು ಗಂಡನ ಮಾತನ್ನು ಉಳಿಸುತ್ತಾಳೆ. ಅತ್ತ ಶರ್ವಿಲಕ ಒಡವೆಯನ್ನು ಪ್ರೇಯಸಿಯ ಮುಂದೆ ಇಟ್ಟಾಗ ಮದನಿಕೆ ಹಿಗ್ಗುವುದಿಲ್ಲ. ಅದು ತನ್ನ ಒಡತಿಯದೆಂದು ಗುರುತಿಸಿ ಬೆದರುತ್ತಾಳೆ, ಮರಳಿಸೆಂದು ಒತ್ತಾಯಿಸುತ್ತಾಳೆ. ಕಳ್ಳನ ಮೇಲೆ ನಮಗೆ ಪ್ರೀತಿಯೂ ಉಳಿಯುತ್ತದೆ, ಕಳವಿನ ನೋವೂ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಉಳಿಸಿದ್ದೇ ಆ ನಾಟಕದ ಔಚಿತ್ಯ.

ಚಾರುದತ್ತನ ಆ ಭಯವನ್ನು ಇನ್ನೊಮ್ಮೆ ಯೋಚಿಸಬೇಕು. ನಂಬಲರ್ಹವಾದುದು ಯಾವುದೆಂಬುದನ್ನು ನಾವು ಕಥೆಗಳಿಂದ ಕಲಿಯುತ್ತೇವೆ. ಹಾಗೆ ಕಲಿತ ಅಳತೆಗೋಲನ್ನೇ ನಿಜವಾದ ಮನುಷ್ಯರ ಮೇಲೂ ಇಡುತ್ತೇವೆ. ಮನೆಗೆಲಸದವಳ ಮೇಲೆ ಸಂಶಯ ಬರುವುದಕ್ಕೆ ಪುರಾವೆ ಬೇಕಾಗುವುದಿಲ್ಲ, ಅವಳ ಬಡತನವೇ ಸಾಕಾಗುತ್ತದೆ. ಕೋಟು ತೊಟ್ಟು ಬಂದವನ ಮೇಲೆ ಸಂಶಯ ಬರುವುದಕ್ಕೆ ವರ್ಷಗಳೇ ಬೇಕಾಗುತ್ತವೆ. "ಹೀಗೂ ಉಂಟೇ" ಎಂಬ ಪ್ರಶ್ನೆ ಪರದೆಯ ಮೇಲೆ ನಿರಪಾಯಕಾರಿ. ಬೀದಿಯಲ್ಲಿ ಅದು ಒಬ್ಬರ ಬಾಳನ್ನೇ ತೂಗುತ್ತದೆ. ಈ ಕಾರಣಕ್ಕಾಗಿಯಾದರೂ ನಮ್ಮ ಅಳತೆಗೋಲು ನೆಟ್ಟಗಿರಬೇಕು.

ಮಕ್ಕಳೊಡನೆ ಕುಳಿತು ಇಂಥ ಧಾರಾವಾಹಿ ನೋಡುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಕುಲುಮೆಯ ಶಾಖ, ಗಟ್ಟಿಯ ಭಾರ, ಕಾವಲುಗಾರನ ನಿದ್ದೆ ಎಲ್ಲವನ್ನೂ ಚರ್ಚಿಸೋಣ. ಅದರಿಂದ ಮಕ್ಕಳ ವಿಜ್ಞಾನವಾದರೂ ಬೆಳೆದೀತು. ಆದರೆ ಕಳ್ಳರು ಚೀಲ ಕಟ್ಟಿ ಹೊರಟಾಗ, ಆಟದ ಬಿಸಿಯಲ್ಲಿ ನಾವೆಲ್ಲ ಅವರ ಪಕ್ಷ ವಹಿಸಿ ಕುಳಿತಿರುವಾಗ, ಮನೆಯ ಹಿರಿಯರೊಬ್ಬರು ಒಂದು ಸಣ್ಣ ಪ್ರಶ್ನೆ ಕೇಳಲಿ: "ಅದು ಯಾರ ಚಿನ್ನ, ಮಗಾ?" ಕಥೆಯಲ್ಲಿ ಅದಕ್ಕೆ ಉತ್ತರವಿದ್ದರೆ ಆ ಕಥೆ ನಿಜ, ಕುಲುಮೆ ಸುಳ್ಳಾಗಿದ್ದರೂ ಚಿಂತೆಯಿಲ್ಲ. ಉತ್ತರವಿಲ್ಲದಿದ್ದರೆ, ಅದನ್ನು ಹುಡುಕುವ ಕೆಲಸ ಮಕ್ಕಳಿಗೂ ನಮಗೂ ಸೇರಿದ್ದು.